ಚೌಗುಲೆ ಓಡಿದ ದೂರ, ನಮ್ಮ ಖಾಲಿ ಹೊಟ್ಟಿ

(1/4)
ಮುಂಜಾನೆ ಐದಕ್ಕ ಖಾನಾಪುರ ರೋಡಿನ್ಯಾಗ ಓಡೋ ಹುಡುಗರನ್ನ ನೋಡೇ ಇರ್ತೀರಿ. ಅವರೊಳಗ ನಾನೂ ಒಬ್ಬ. ಭರ್ತಿಯ 1.6 ಕಿ.ಮೀ. ಓಟಕ್ಕ ತಯಾರಿ. "ಹೊಟ್ಟಿ ಖಾಲಿ ಇದ್ರ ಮೈ ಹಗುರ" ಅನ್ನೋದು ನಮ್ಮ ಗ್ಯಾಂಗಿನ ನಂಬಿಕಿ. ಹೋದ ತಿಂಗಳು ಒಂದು ತಾಸು ಓಡಿದ ಮ್ಯಾಲೆ ಕಣ್ಣಿಗೆ ಕತ್ತಲು ಬಂದು, ರಸ್ತೆ ಬದಿಗೇ ಕೂತುಬಿಟ್ಟೆ. ಆಗ ನೆನಪಾದವರು ನಮ್ಮೂರಿನ ಹಳೇ ಓಟಗಾರರು.

(2/4)
ಫಡೆಪ್ಪ ದಾರೆಪ್ಪ ಚೌಗುಲೆ, ಬೆಳಗಾವಿಯವರು. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರ ಮ್ಯಾರಥಾನ್ ಓಡಿದರು. ದೂರ 42.75 ಕಿ.ಮೀ., ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ ಮ್ಯಾರಥಾನ್. ಬೆಳಗಾವಿಯಿಂದ ಖಾನಾಪುರಕ್ಕೆ ಓಡಿ, ಅರ್ಧ ದಾರಿಗಿಂತ ಹೆಚ್ಚು ವಾಪಸ್ ಬಂದಷ್ಟು! 2 ಗಂಟೆ 50 ನಿಮಿಷದಲ್ಲಿ ಮುಗಿಸಿ 19ನೆಯವರಾದರು. ದಣಿವಿಗೂ ರಕ್ತದ ಸಕ್ಕರೆಗೂ ಇರುವ ನಂಟು ಆಗಿನ್ನೂ ಸ್ಪಷ್ಟವಾಗಿರಲಿಲ್ಲ.

(3/4)
ಅದು ಗೊತ್ತಾಗಿದ್ದು ನಾಲ್ಕು ವರ್ಷದ ಮೇಲೆ. 1924ರ ಬೋಸ್ಟನ್ ಮ್ಯಾರಥಾನ್ ಮುಗಿಸಿದವರ ರಕ್ತವನ್ನು ವೈದ್ಯರು ಪರೀಕ್ಷಿಸಿದರು. ಪೂರ್ತಿ ಸೋತು ಬಂದವರ ಸಕ್ಕರೆ ಪಾತಾಳಕ್ಕಿಳಿದಿತ್ತು. 1925ರಲ್ಲಿ ಹಿಂದಿನ ದಿನವೇ ಹಿಟ್ಟಿನ ಪದಾರ್ಥ ಹೆಚ್ಚು ತಿನ್ನಿಸಿ, ಓಡುವಾಗ ಸಿಹಿ ಗುಳಿಗೆ ಕೊಟ್ಟರು. ಸಕ್ಕರೆ ಬೀಳಲಿಲ್ಲ, ಓಟಗಾರರೂ ಗಟ್ಟಿಯಾಗಿ ಮುಗಿಸಿದರು. ಊಟದ ಹೊತ್ತೂ ತಾಲೀಮಿನ ಭಾಗ ಅಂತ ತೋರಿಸಿದ್ದು ಇಂಥ ಪರೀಕ್ಷೆಗಳೇ.

(4/4)
ರಾತ್ರಿ ಉಂಡು ಮಲಗಿದ್ರೂ ಬೆಳಗಾಗೋದ್ರೊಳಗೆ ಯಕೃತ್ತಿನಲ್ಲಿದ್ದ ಸಕ್ಕರೆಯ ದಾಸ್ತಾನು ಬಹಳ ಇಳಿದಿರುತ್ತೆ. 1.6 ಕಿ.ಮೀ.ಗೆ ಅದು ಸಾಕಾಗಬಹುದು. ಆದರೆ ಭರ್ತಿ ದಿನ ನಾವು ಓಡೋದು ಆರು ನಿಮಿಷ, ಸಾಲಿನ್ಯಾಗ ನಿಲ್ಲೋದು ಅರ್ಧ ರಾತ್ರಿಯಿಂದ. ಅಲ್ಲೇ ಸೋಲ್ತೀವಿ.

ಹಂಗಂತ ರೊಟ್ಟಿ-ಪಲ್ಯ ಹೊಟ್ಟಿತುಂಬ ಹೊಡೆದು ಓಡಬ್ಯಾಡ್ರಿ. ಹೊಟ್ಟೆಗೂ ಕಾಲಿಗೂ ಒಂದೇ ಹೊತ್ತಿಗೆ ರಕ್ತ ಬೇಕಾಗಿ ವಾಂತಿ ಬಂದಂಗಾಗುತ್ತೆ. ದೊಡ್ಡ ಊಟಕ್ಕೂ ಓಟಕ್ಕೂ ಮೂರ್ನಾಲ್ಕು ತಾಸು ಅಂತರ ಇರಲಿ. ಒಂದು ತಾಸು ಮೊದಲು ಬಾಳೆಹಣ್ಣು ಸಾಕು. ಓಟ ಮುಗಿದ ಮ್ಯಾಲೆ ಅವಲಕ್ಕಿ, ಶೇಂಗಾ, ಹಾಲು.

ಈಗ ನನ್ನ ಕಿಸೆಯಲ್ಲಿ ಎರಡು ಬಾಳೆಹಣ್ಣು ಇರ್ತಾವು. ಗ್ಯಾಂಗು ನಗ್ತದ. ನಗಲಿ. ಆದ್ರ ಎರಡನೇದನ್ನ ದಿನಾ ಅವರೊಳಗ ಯಾರೋ ಒಬ್ಬರು ಕಸ್ಕೊಂಡು ತಿಂತಾರ 😄

ಭರ್ತಿಗೆ ಓಡೋ ದೋಸ್ತನ್ನ ಟ್ಯಾಗ್ ಮಾಡ್ರಿ.

#ನಮ್ಮಬೆಳಗಾವಿ #ಖಾನಾಪುರ #ಫಡೆಪ್ಪಚೌಗುಲೆ #ಊರಿನಇತಿಹಾಸ