ಆಕಾಶದಿಂದ ಬಂದ ಕನ್ನಡ ಪಾಠ

ಬಾಹ್ಯಾಕಾಶದ ಇತಿಹಾಸ ಎಂದರೆ ಸ್ಪುಟ್ನಿಕ್, ಗಗಾರಿನ್, ಚಂದ್ರನ ಮೇಲೆ ಕಾಲಿಟ್ಟ ಆರ್ಮ್‌ಸ್ಟ್ರಾಂಗ್ ಎಂದು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ. ಆದರೆ ಆ ಇತಿಹಾಸದ ಒಂದು ಮುಖ್ಯ ಪುಟದಲ್ಲಿ ನಮ್ಮ ಜಿಲ್ಲೆಯ ಹೆಸರೂ ಇದೆ. ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಅದನ್ನೇ ಬರೆಯಬೇಕೆಂದು ನನಗನಿಸಿತು.

1975ರ ಆಗಸ್ಟ್ 1ರಂದು ಭಾರತದಲ್ಲಿ 'ಸೈಟ್' ಎಂಬ ಪ್ರಯೋಗ ಶುರುವಾಯಿತು. ಉಪಗ್ರಹದ ಮೂಲಕ ಹಳ್ಳಿಗಳಿಗೆ ನೇರವಾಗಿ ಟಿವಿ ಪಾಠ ಮುಟ್ಟಿಸುವುದು ಅದರ ಉದ್ದೇಶ. ಇದು ಡಾ. ವಿಕ್ರಮ್ ಸಾರಾಭಾಯಿ ಅವರ ಕನಸು. 1969ರಲ್ಲಿ ಅಮೆರಿಕದ ನಾಸಾ ಜೊತೆ ಒಪ್ಪಂದವಾಯಿತು. ಆದರೆ ಸಾರಾಭಾಯಿ 1971ರಲ್ಲೇ ತೀರಿಕೊಂಡರು. ಕನಸು ನನಸಾದದ್ದನ್ನು ಅವರು ನೋಡಲಿಲ್ಲ.

ಆರು ರಾಜ್ಯಗಳ 20 ಜಿಲ್ಲೆಗಳಲ್ಲಿ ಸುಮಾರು 2,400 ಹಳ್ಳಿಗಳನ್ನು ಆರಿಸಿದರು. ಕರ್ನಾಟಕದಿಂದ ಆಯ್ಕೆಯಾದದ್ದು ಗುಲಬರ್ಗಾ, ರಾಯಚೂರು ಮತ್ತು ನಮ್ಮ ಅಂದಿನ ಅಖಂಡ ವಿಜಾಪುರ ಜಿಲ್ಲೆ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅಂದರೆ ರಾಜಧಾನಿಗಿಂತ ಆರು ವರ್ಷ ಮೊದಲೇ ನಮ್ಮ ಸೀಮೆಯ ಹಳ್ಳಿಗಳಲ್ಲಿ ಟಿವಿ ಕನ್ನಡ ಮಾತಾಡಿತ್ತು! 'ಹಿಂದುಳಿದ ಜಿಲ್ಲೆ' ಎಂಬ ಮಾತನ್ನು ನಾವು ತಲೆ ತಗ್ಗಿಸಿ ಕೇಳುತ್ತ ಬಂದಿದ್ದೇವೆ. ಇಲ್ಲಿ ಮಾತ್ರ ಹಿಂದುಳಿದವರಿಗೇ ಮೊದಲ ಪಾಳಿ ಸಿಕ್ಕಿತು.

ಇದು ಹೇಗೆ ಸಾಧ್ಯವಾಯಿತು? ನಾಸಾದ ಎಟಿಎಸ್-6 ಉಪಗ್ರಹ ಸುಮಾರು 36,000 ಕಿ.ಮೀ. ಎತ್ತರದಲ್ಲಿತ್ತು. ಅದರ ಆಂಟೆನಾ 9 ಮೀಟರ್ ಅಗಲದ ದೊಡ್ಡ ಕೊಡೆಯಂತೆ ಬಿಚ್ಚಿಕೊಂಡಿತ್ತು. ಮೇಲಿನ ಕೊಡೆ ದೊಡ್ಡದಾದ್ದರಿಂದ ಸಂಕೇತ ಬಲವಾಗಿ ಬರುತ್ತಿತ್ತು. ಕೆಳಗೆ ಹಳ್ಳಿಯಲ್ಲಿ ತಂತಿ ಬಲೆಯಿಂದ ಮಾಡಿದ ಮೂರು ಮೀಟರಿನ ಅಗ್ಗದ ಆಂಟೆನಾ ಸಾಕಾಗುತ್ತಿತ್ತು. ಕರೆಂಟ್ ಇಲ್ಲದ ಕೆಲವು ಊರುಗಳಲ್ಲಿ ಟಿವಿ ಬ್ಯಾಟರಿಯಿಂದ ನಡೆಯಿತು. ದಿನಕ್ಕೆ ನಾಲ್ಕು ತಾಸಿನ ಪ್ರಸಾರವನ್ನು ಕನ್ನಡ, ತೆಲುಗು, ಒರಿಯಾ, ಹಿಂದಿ ಭಾಷೆಗಳು ಹಂಚಿಕೊಂಡಿದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ; ಸಂಜೆ ಊರವರಿಗೆ ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆಯ ಮಾಹಿತಿ.

1976ರ ಜುಲೈ 31ಕ್ಕೆ ಎಲ್ಲವೂ ಮುಗಿಯಿತು. ಉಪಗ್ರಹ ನಮ್ಮದಲ್ಲ, ಒಂದು ವರ್ಷದ ಮಟ್ಟಿಗೆ ಕಡ ತಂದದ್ದು. ಕಡ ತಂದ ಎತ್ತಿನಿಂದ ಒಂದು ಬಿತ್ತಿಗೆ ಮುಗಿಸಬಹುದು, ವರ್ಷವಿಡೀ ಒಕ್ಕಲುತನ ನಡೆಯದು. ಒಕ್ಕಲುಮಕ್ಕಳಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ವಿಜ್ಞಾನಿಗಳು ಸುಮ್ಮನೆ ಕೂರಲಿಲ್ಲ. ಅದೇ 1975ರ ಏಪ್ರಿಲ್ 19ರಂದು, ಉಡುಪಿ ಕಡೆಯ ಪ್ರೊ. ಯು.ಆರ್. ರಾವ್ ಅವರ ತಂಡ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ 'ಆರ್ಯಭಟ' ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತ್ತು. 1981ರಲ್ಲಿ ನಮ್ಮದೇ ಪ್ರಾಯೋಗಿಕ ಸಂಪರ್ಕ ಉಪಗ್ರಹ 'ಆ್ಯಪಲ್' ಹಾರಿತು. ಅದರ ಒಂದು ಪರೀಕ್ಷೆಗೆ ಅದನ್ನು ಎತ್ತಿನ ಗಾಡಿಯ ಮೇಲಿಟ್ಟ ಚಿತ್ರವನ್ನು ನೀವೂ ನೋಡಿರಬಹುದು. 1983ರಲ್ಲಿ ಅಮೆರಿಕದಲ್ಲಿ ಮಾಡಿಸಿದ ಇನ್ಸಾಟ್-1ಬಿ ದೇಶದ ಮೂಲೆಮೂಲೆಗೆ ಟಿವಿ ಮುಟ್ಟಿಸಿತು. ಇನ್ಸಾಟ್ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ನಮ್ಮ ಹಾಸನದಲ್ಲಿದೆ. 1992ರಲ್ಲಿ ಇಸ್ರೋ ತಾನೇ ಕಟ್ಟಿದ ಇನ್ಸಾಟ್-2ಎ ಕಕ್ಷೆ ಸೇರಿತು. ಕಡ ತಂದದ್ದರಿಂದ ಸ್ವಂತದ್ದಕ್ಕೆ ಬರಲು ಹದಿನೇಳು ವರ್ಷ ಹಿಡಿಯಿತು.

ನನ್ನ ಕಿರಿಯ ಗೆಳೆಯರೇ, ನಾನೂ ನಿಮ್ಮಂತೆ ಕನ್ನಡದಲ್ಲೇ ವಿಜ್ಞಾನ ಓದಿ ಬಿ.ಇ. ಮುಗಿಸಿದವನು. ದಿನವೂ ಬೇರೆಯವರು ಬರೆದ ಸಾಫ್ಟ್‌ವೇರಿನ ಮೇಲೆ ಕೆಲಸ ಮಾಡುತ್ತೇನೆ. ಅದರಲ್ಲಿ ತಪ್ಪಿಲ್ಲ, ಕಲಿಯುವುದು ಹಾಗೆಯೇ. ಆದರೆ ಕಲಿತವರು ಒಂದು ದಿನ ಸ್ವಂತದ್ದನ್ನು ಕಟ್ಟಬೇಕು. ಕಟ್ಟಿದ್ದು ಮೊದಲು ಇಂಗಳೇಶ್ವರದಂಥ ಊರುಗಳಿಗೆ ಮುಟ್ಟಬೇಕು. ಆ ಕೆಲಸಕ್ಕೆ ಈ ಶಾಲೆಯ ಮಕ್ಕಳೂ ಬೇಕು.