ಸ್ಟೀವ್ ರಸೆಲ್ ಮತ್ತು ಸ್ಪೇಸ್‌ವಾರ್

ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿ ಕಾಗದದ ಮೇಲೆ ರೂಪಿಸಿದ್ದ ಲಿಸ್ಪ್ ಪ್ರೋಗ್ರಾಮಿಂಗ್ ಭಾಷೆಯನ್ನು ಐಬಿಎಂ 704 ಕಂಪ್ಯೂಟರಿನಲ್ಲಿ ಮೊದಲು ನಡೆಸಿ ತೋರಿಸಿದವರು ಸ್ಟೀವ್ ರಸೆಲ್. ಅದೊಂದೇ ಸಾಕಿತ್ತು ಅವರ ಹೆಸರು ಉಳಿಯಲು. ಆದರೆ ಜಗತ್ತು ಅವರನ್ನು ನೆನೆಯುವುದು ಸ್ಪೇಸ್‌ವಾರ್ ಎಂಬ ಆಟಕ್ಕಾಗಿ.

1961ರಲ್ಲಿ ಎಂಐಟಿಗೆ ಪಿಡಿಪಿ-1 ಕಂಪ್ಯೂಟರ್ ಬಂತು, ಜೊತೆಗೆ ದುಂಡನೆಯ ಪರದೆ. ರಸೆಲ್ 1962ರ ಆರಂಭದಲ್ಲಿ ಅದರ ಮೇಲೆ ಎರಡು ಬಾಹ್ಯಾಕಾಶ ನೌಕೆಗಳನ್ನು ಕಾಳಗಕ್ಕೆ ಬಿಟ್ಟರು. ಮುಂದಿನದು ಗೆಳೆಯರೆಲ್ಲ ಸೇರಿ ಮಾಡಿದ ಕೆಲಸ. ಹಿನ್ನೆಲೆಯಲ್ಲಿ ನಕ್ಷತ್ರಗಳೆಂದು ಮನಬಂದಂತೆ ಚೆಲ್ಲಿದ್ದ ಚುಕ್ಕೆಗಳು ಪೀಟರ್ ಸ್ಯಾಮ್ಸನ್‌ಗೆ ಹಿಡಿಸಲಿಲ್ಲ. ಅವರು ನಿಜವಾದ ನಕ್ಷತ್ರಗಳನ್ನೇ ತಂದು ಕೂರಿಸಿದರು. ಡ್ಯಾನ್ ಎಡ್ವರ್ಡ್ಸ್ ಪರದೆಯ ನಡುವಿನ ಸೂರ್ಯನಿಗೆ ಗುರುತ್ವಾಕರ್ಷಣೆ ಕೊಟ್ಟರು. ನೌಕೆಗಳನ್ನು ಅದು ಸೆಳೆಯುತ್ತದೆ, ಗುಂಡುಗಳನ್ನು ಸೆಳೆಯುವುದಿಲ್ಲ. ಅಷ್ಟು ಲೆಕ್ಕ ಹಾಕುವ ಶಕ್ತಿ ಯಂತ್ರಕ್ಕಿರಲಿಲ್ಲ! ಕಂಪ್ಯೂಟರಿನ ಸ್ವಿಚ್‌ಗಳನ್ನೇ ಒತ್ತಿ ಆಡುತ್ತಿದ್ದವರ ಮೊಣಕೈ ನೋಯತೊಡಗಿದಾಗ ಅಲನ್ ಕೊಟಾಕ್, ಬಾಬ್ ಸಾಂಡರ್ಸ್ ಪುಟ್ಟ ನಿಯಂತ್ರಣ ಪೆಟ್ಟಿಗೆಗಳನ್ನು ಕಟ್ಟಿದರು. ಇಂದಿನ ಗೇಮ್‌ಪ್ಯಾಡ್‌ನ ಹಿರಿಯಜ್ಜ ಎಂದರೆ ಅದೇ.

ಆಟವನ್ನು ಯಾರೂ ಮಾರಲಿಲ್ಲ. ರಂಧ್ರ ಕೊರೆದ ಕಾಗದದ ಪಟ್ಟಿಗಳಲ್ಲಿ ಅದು ಕೈಯಿಂದ ಕೈಗೆ ದಾಟಿತು. ಯಂತ್ರ ತಯಾರಿಸಿದ ಡಿಇಸಿ ಕಂಪನಿ ತನ್ನ ಕಂಪ್ಯೂಟರುಗಳನ್ನು ಪರೀಕ್ಷಿಸಲೂ ಇದನ್ನೇ ಬಳಸಿತು. ಒಂದು ಸಂತೋಷವನ್ನು ಹೀಗೆ ಧಾರಾಳವಾಗಿ ಹಂಚಿದ್ದು ಸಣ್ಣ ಮಾತಲ್ಲ.

1960ರ ದಶಕದ ಕೊನೆಗೆ ರಸೆಲ್ ಸಿಯಾಟಲ್‌ನ ಕಂಪ್ಯೂಟರ್ ಸಂಸ್ಥೆಯೊಂದರಲ್ಲಿದ್ದರು. ತಂತ್ರಾಂಶದ ದೋಷ ಹುಡುಕಲು ಅಲ್ಲಿಗೆ ಶಾಲಾ ಹುಡುಗರು ಬರುತ್ತಿದ್ದರು. ಅವರಲ್ಲಿ ಬಿಲ್ ಗೇಟ್ಸ್, ಪಾಲ್ ಅಲೆನ್ ಇಬ್ಬರೂ ಇದ್ದರು. ಅವರ ಆಟವೂ ಇನ್ನೂ ಜೀವಂತ: ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರುವ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಒಂದು ಪಿಡಿಪಿ-1ನ್ನು ದುರಸ್ತಿ ಮಾಡಿ ನಡೆಸುತ್ತಿದೆ. ಅಲ್ಲಿಗೆ ಬಂದ ಮಕ್ಕಳು ಸ್ಪೇಸ್‌ವಾರ್ ಆಡಿದ್ದಾರೆ.