ಕರ್ನಾಟಕ ರಾಜ್ಯ ಮಾನವ ಹಕ್ಕುಗಳ ಆಯೋಗ: ಸದಸ್ಯರ ಹಿನ್ನೆಲೆ

ಕರ್ನಾಟಕ ರಾಜ್ಯ ಮಾನವ ಹಕ್ಕುಗಳ ಆಯೋಗವು 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ರಚಿತವಾದ, ಅಧ್ಯಕ್ಷರು ಹಾಗೂ ಇಬ್ಬರು ಸದಸ್ಯರಿರುವ ಶಾಸನಬದ್ಧ ಸಂಸ್ಥೆ. ಇದು ಕಾರ್ಯಾರಂಭ ಮಾಡಿದ್ದು 2007ರಲ್ಲಿ. ಛತ್ತೀಸಗಡ ಹೈಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ನಾಯಕ್ ಮೊದಲ ಅಧ್ಯಕ್ಷರು.

ಮೂಲ ಕಾಯ್ದೆಯಲ್ಲಿ ಅಧ್ಯಕ್ಷರೂ ಸೇರಿ ಐವರಿಗೆ ಅವಕಾಶವಿತ್ತು. 2006ರ ತಿದ್ದುಪಡಿ ಅದನ್ನು ಮೂವರಿಗೆ ಇಳಿಸಿತು. ಅಧ್ಯಕ್ಷ ಸ್ಥಾನ ಹೈಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿಗಳಿಗಷ್ಟೇ ಮೀಸಲಾಗಿತ್ತು. 2019ರಿಂದ ಹೈಕೋರ್ಟಿನ ಇತರ ನಿವೃತ್ತ ನ್ಯಾಯಮೂರ್ತಿಗಳೂ ಅರ್ಹರು. ಒಬ್ಬ ಸದಸ್ಯರು ಹೈಕೋರ್ಟ್ ನ್ಯಾಯಮೂರ್ತಿ ಅಥವಾ ಕನಿಷ್ಠ 7 ವರ್ಷ ಅನುಭವವುಳ್ಳ ಜಿಲ್ಲಾ ನ್ಯಾಯಾಧೀಶರಾಗಿರಬೇಕು, ಇಲ್ಲವೇ ಆಗಿದ್ದವರಾಗಿರಬೇಕು. ಇನ್ನೊಬ್ಬರಿಗೆ ಮಾನವ ಹಕ್ಕುಗಳ ಕುರಿತ ಜ್ಞಾನ ಅಥವಾ ಪ್ರಾಯೋಗಿಕ ಅನುಭವ ಸಾಕು; ಹೋರಾಟಗಾರರು, ವಕೀಲರು, ಅಧ್ಯಾಪಕರು, ನಿವೃತ್ತ ಅಧಿಕಾರಿಗಳು ಪ್ರವೇಶಿಸಬಹುದಾದ ಬಾಗಿಲು ಇದೊಂದೇ. ರಾಷ್ಟ್ರೀಯ ಆಯೋಗದಲ್ಲಿ ಒಬ್ಬ ಮಹಿಳಾ ಸದಸ್ಯರು ಕಡ್ಡಾಯ. ರಾಜ್ಯ ಆಯೋಗಕ್ಕೆ ಅಂಥ ನಿಯಮವಿಲ್ಲದಿರುವುದು ಗಂಭೀರ ಕೊರತೆ.

ಆಯ್ಕೆ ಸಮಿತಿಗೆ ಮುಖ್ಯಮಂತ್ರಿ ಅಧ್ಯಕ್ಷರು. ವಿಧಾನಸಭಾಧ್ಯಕ್ಷರು, ಗೃಹ ಸಚಿವರು, ಪರಿಷತ್ ಸಭಾಪತಿ, ಉಭಯ ಸದನಗಳ ವಿರೋಧ ಪಕ್ಷದ ನಾಯಕರು ಸದಸ್ಯರು. ನೇಮಿಸುವವರು ರಾಜ್ಯಪಾಲರಾದರೂ ವಜಾ ಮಾಡುವ ಅಧಿಕಾರ ರಾಷ್ಟ್ರಪತಿಗಳದ್ದು. ಅಧಿಕಾರಾವಧಿ 3 ವರ್ಷ ಅಥವಾ 70 ವಯಸ್ಸು, ಯಾವುದು ಮೊದಲೋ ಅದು.